ರೋಟರಿ ಟೂಲಿನ ಕಟಿಂಗ್ ಡಿಸ್ಕ್ ಒಡೆದು ಸಿಡಿಯಿತು: ನನ್ನ ತಪ್ಪು ಎಲ್ಲಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸುಮಾರು ಎಂಟು ತಿಂಗಳಿಂದ ಹವ್ಯಾಸದ ಕೆಲಸಗಳಿಗಾಗಿ ಕೈಯಲ್ಲಿ ಹಿಡಿಯುವ ಸಣ್ಣ ರೋಟರಿ ಟೂಲ್ (ಕತ್ತರಿಸುವ, ಉಜ್ಜುವ ಬಿಟ್ಟುಗಳನ್ನು ತುದಿಗೆ ಸಿಕ್ಕಿಸಿ ವೇಗವಾಗಿ ತಿರುಗಿಸುವ ಉಪಕರಣ) ಒಂದನ್ನು ಬಳಸುತ್ತಿದ್ದೇನೆ. ಮರದ ತುಂಡುಗಳ ಅಂಚನ್ನು ನಯ ಮಾಡುವುದು, ತೆಳು ತಗಡಿನಲ್ಲಿ ಕಿಂಡಿ ಕೊರೆಯುವುದು, ತುಕ್ಕು ಹಿಡಿದು ಬಿಚ್ಚಲು ಬಾರದ ಸ್ಕ್ರೂಗಳ ತಲೆ ಕತ್ತರಿಸುವುದು, ಇಷ್ಟೇ ನನ್ನ ಕೆಲಸ. ಇಷ್ಟು ದಿನ ಒಂದು ಗೀರೂ ಆಗದೆ ಇದ್ದುದರಿಂದ ಈ ಉಪಕರಣದ ಬಗ್ಗೆ ನನಗೆ ಭಯವೇ ಇರಲಿಲ್ಲ. ದೊಡ್ಡ ಗ್ರೈಂಡರನ್ನು ಕಂಡರೆ ಹಿಂದೆ ಸರಿಯುವ ನಾನು, ಪೆನ್ನಿನಂತೆ ಹಿಡಿಯಬಹುದಾದ ಇದನ್ನು ಆಟಿಕೆ ಎಂದೇ ತಿಳಿದಿದ್ದೆ.

ಕಳೆದ ವಾರ 5 ಮಿ.ಮೀ. ದಪ್ಪದ ಉಕ್ಕಿನ ಬೋಲ್ಟ್ ಒಂದರ ಹೆಚ್ಚುವರಿ ಉದ್ದವನ್ನು ಕತ್ತರಿಸಬೇಕಾಗಿತ್ತು. ಬೋಲ್ಟನ್ನು ಎಡಗೈಯಲ್ಲಿ ಇಕ್ಕಳದಿಂದ ಹಿಡಿದು, ಬಲಗೈಯಲ್ಲಿ ಉಪಕರಣವನ್ನು ಹಿಡಿದು, 32 ಮಿ.ಮೀ. ಅಗಲದ ಕಟಿಂಗ್ ಡಿಸ್ಕನ್ನು ಗರಿಷ್ಠ ವೇಗದಲ್ಲಿ, ಅಂದರೆ ನಿಮಿಷಕ್ಕೆ 30,000 ಸುತ್ತುಗಳಲ್ಲಿ ಓಡಿಸುತ್ತಿದ್ದೆ. ಬೋಲ್ಟಿನ ಮುಕ್ಕಾಲು ಪಾಲು ತುಂಡಾಗಿತ್ತು. ಆಗ ಟಪ್ಪೆಂದು ಸದ್ದಾಯಿತು, ಕೈಯಲ್ಲಿದ್ದ ಉಪಕರಣ ಒಮ್ಮೆ ನಡುಗಿತು, ನೋಡಿದರೆ ಡಿಸ್ಕನ್ನು ಹಿಡಿಯುವ ಕಡ್ಡಿಯಾದ ಮ್ಯಾಂಡ್ರೆಲ್ಲಿನ ತುದಿಯಲ್ಲಿ ಡಿಸ್ಕಿನ ನಡುಭಾಗದ ಚಿಕ್ಕ ಚೂರು ಮಾತ್ರ ಉಳಿದಿತ್ತು. ಒಂದು ಚೂರು ನನ್ನ ಓದುವ ಕನ್ನಡಕದ ಎಡಗಾಜಿಗೆ ಬಡಿದು, ಸರಿಯಾಗಿ ಕಣ್ಣಿನ ಎದುರಿಗೆ ಉಗುರಿನಷ್ಟು ಉದ್ದದ ಗೀರು ಮಾಡಿದೆ. ಇನ್ನೊಂದು ಚೂರು ಎಲ್ಲಿಗೆ ಹೋಯಿತೆಂದು ಇವತ್ತಿಗೂ ಸಿಕ್ಕಿಲ್ಲ. ಆ ದಿನ ಕನ್ನಡಕ ಹಾಕಿಕೊಂಡದ್ದು ರಕ್ಷಣೆಗಾಗಿ ಅಲ್ಲ, ಗೆರೆ ಕಾಣಿಸಲಿ ಎಂದು ಮಾತ್ರ.

ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು. ಡಿಸ್ಕ್ ಒಡೆಯಲು ಕಾರಣವೇನು? ವೇಗ ಹೆಚ್ಚಾಯಿತೇ? ಕೈಗವಸು ಹಾಕಬೇಕೆಂದು ಒಬ್ಬರು, ಹಾಕಲೇಬಾರದೆಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ? ಮತ್ತೆ ಆ ಉಪಕರಣವನ್ನು ಮುಟ್ಟುವ ಮೊದಲು ನಾನು ಏನೇನನ್ನು ತಿದ್ದಿಕೊಳ್ಳಬೇಕು?

ಉತ್ತರ 1

ನಿಮ್ಮ ಕಣ್ಣು ಉಳಿಯಿತಲ್ಲ, ಅದನ್ನು ಓದಿದಾಗ ಸಮಾಧಾನವಾಯಿತು. ನಾನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಟೂಲ್ ರೂಮಿನಲ್ಲಿ ಅಚ್ಚುಗಳನ್ನು ಉಜ್ಜಿ ನಯ ಮಾಡುವ ಕೆಲಸ ಮಾಡಿದವನು; ನೀವು ಬರೆದಿರುವ ಆ ಟಪ್ಪೆಂಬ ಸದ್ದನ್ನು ನಾನೂ ಕೇಳಿದ್ದೇನೆ.

ಮೊದಲು ಕಾರಣವನ್ನು ಹೇಳುತ್ತೇನೆ. ಡಿಸ್ಕನ್ನು ಒಡೆದದ್ದು ವೇಗವಲ್ಲ, ಇಕ್ಕಳ. ನೀವು ಬೋಲ್ಟನ್ನು ಒಂದು ಕೈಯಲ್ಲೂ ಉಪಕರಣವನ್ನು ಇನ್ನೊಂದು ಕೈಯಲ್ಲೂ ಹಿಡಿದಿದ್ದಿರಿ. ಕತ್ತರಿಸುವ ಆರಂಭದಲ್ಲಿ ಎರಡೂ ಕೈಗಳು ಒಂದೇ ನೇರದಲ್ಲಿರುತ್ತವೆ, ತೊಂದರೆ ಕಾಣುವುದಿಲ್ಲ. ಡಿಸ್ಕ್ ಆಳಕ್ಕೆ ಇಳಿದಂತೆಲ್ಲ ಅದರ ಎರಡೂ ಬದಿಗೆ ಲೋಹದ ಗೋಡೆಗಳು ನಿಲ್ಲುತ್ತವೆ. ಆಗ ಯಾವುದಾದರೂ ಒಂದು ಕೈ ಒಂದೆರಡು ಡಿಗ್ರಿಯಷ್ಟು ವಾಲಿದರೂ ಆ ಗೋಡೆಗಳು ಡಿಸ್ಕನ್ನು ಪಕ್ಕದಿಂದ ಹಿಸುಕುತ್ತವೆ. ಜೊತೆಗೆ ಮುಕ್ಕಾಲು ಪಾಲು ಕತ್ತರಿಸಿದ ಮೇಲೆ ಉಳಿದ ತೆಳುವಾದ ಲೋಹ ಬಾಗತೊಡಗುತ್ತದೆ, ಸೀಳು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕಟಿಂಗ್ ಡಿಸ್ಕ್ ಅಂಚಿನ ಮೇಲೆ ಬೀಳುವ ಒತ್ತಡವನ್ನು ಚೆನ್ನಾಗಿಯೇ ತಾಳುತ್ತದೆ, ಪಕ್ಕದಿಂದ ಬರುವ ಒತ್ತಡವನ್ನು ತಾಳುವುದಿಲ್ಲ. ಅದರಲ್ಲೂ ಉಪಕರಣದ ಜೊತೆ ಡಬ್ಬಿಯಲ್ಲಿ ಬರುವ, ಒಂದು ಮಿಲಿಮೀಟರಿಗಿಂತ ತೆಳುವಾದ ಕಂದು ಬಣ್ಣದ ಡಿಸ್ಕುಗಳಲ್ಲಿ ಅನೇಕವು ಒಳಗೆ ಗಾಜಿನ ನಾರಿನ ಜಾಲರಿ ಇಲ್ಲದಂಥವು. ಎರಡು ಬೆರಳಿನಲ್ಲಿ ಹಿಡಿದು ಬಗ್ಗಿಸಿದರೆ ಬಿಸ್ಕತ್ತಿನಂತೆ ಮುರಿಯುತ್ತವೆ. ನಾರಿನ ಜಾಲರಿ ಇರುವ ಡಿಸ್ಕ್ ಮುರಿದರೂ ಬಹುಮಟ್ಟಿಗೆ ಜಾಲರಿಗೆ ಅಂಟಿಕೊಂಡೇ ಇರುತ್ತದೆ. ಉಕ್ಕನ್ನು ಕತ್ತರಿಸಲು ನಾನು ಅದನ್ನಲ್ಲದೆ ಬೇರೆಯದನ್ನು ಬಳಸುವುದಿಲ್ಲ.

ಹಾಗಾದರೆ ವೇಗದ ಪಾತ್ರವೇನು? ಒಡೆದ ಚೂರು ಎಷ್ಟು ಬಲವಾಗಿ ಹಾರಬೇಕು ಎಂಬುದನ್ನು ತೀರ್ಮಾನಿಸುವುದು ವೇಗ. ಲೆಕ್ಕ ಹಾಕಿ ನೋಡಿ. 32 ಮಿ.ಮೀ. ಡಿಸ್ಕಿನ ಸುತ್ತಳತೆ ಸುಮಾರು 100 ಮಿ.ಮೀ. ನಿಮಿಷಕ್ಕೆ 30,000 ಸುತ್ತು ಎಂದರೆ ಸೆಕೆಂಡಿಗೆ 500 ಸುತ್ತು. ಆದ್ದರಿಂದ ಅಂಚಿನ ವೇಗ ಸೆಕೆಂಡಿಗೆ 50 ಮೀಟರ್, ಗಂಟೆಗೆ 180 ಕಿಲೋಮೀಟರ್. ಚೂರು ಹೊರಡುವುದು ಇದೇ ವೇಗದಲ್ಲಿ. ಉಪಕರಣ ಹಗುರವಾಗಿರುವುದರಿಂದ ಮತ್ತು ಅದರ ಮೋಟಾರಿಗೆ ದೊಡ್ಡ ಬಲವಿಲ್ಲದಿರುವುದರಿಂದ ನಮಗೆ ಅದು ಸಾಧುವೆಂದು ಅನಿಸುತ್ತದೆ, ಆದರೆ ಅಪಾಯವಿರುವುದು ಮೋಟಾರಿನಲ್ಲಿ ಅಲ್ಲ, ತಿರುಗುತ್ತಿರುವ ಅಂಚಿನಲ್ಲಿ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಡಿಸ್ಕನ್ನು ಹೊರಕ್ಕೆ ಎಳೆಯುವ ಬಲವೂ ಚೂರಿನಲ್ಲಿರುವ ಶಕ್ತಿಯೂ ಕಾಲು ಭಾಗಕ್ಕೆ ಇಳಿಯುತ್ತವೆ. ಹಾಗೆಂದು ತೀರಾ ನಿಧಾನಕ್ಕೆ ಓಡಿಸಿದರೆ ಡಿಸ್ಕ್ ಕತ್ತರಿಸದೆ ಸಿಕ್ಕಿಕೊಳ್ಳುತ್ತದೆ, ನಾವು ಒತ್ತಲು ಶುರು ಮಾಡುತ್ತೇವೆ. ಡಿಸ್ಕಿನ ಮೇಲೆ ಅಥವಾ ಅದರ ಪೊಟ್ಟಣದ ಮೇಲೆ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಎಂಬುದು) ಬರೆದಿರುತ್ತದೆ. ಅದನ್ನು ಮೀರಬೇಡಿ, ಅದಕ್ಕಿಂತ ಸ್ವಲ್ಪ ಕೆಳಗಿರಿ, ಕೈಯ ಭಾರವನ್ನು ಹೇರದೆ ಡಿಸ್ಕ್ ತನ್ನ ಪಾಡಿಗೆ ಕತ್ತರಿಸಲು ಬಿಡಿ. ಮೋಟಾರಿನ ಸದ್ದು ಕುಗ್ಗುತ್ತಿದ್ದರೆ ನೀವು ಒತ್ತುತ್ತಿದ್ದೀರಿ ಎಂದೇ ಅರ್ಥ.

ಈಗ ತಿದ್ದಿಕೊಳ್ಳಬೇಕಾದದ್ದು. ವಸ್ತುವನ್ನು ವೈಸಿನಲ್ಲಿ (ಮೇಜಿಗೆ ಕೂರಿಸುವ, ವಸ್ತುವನ್ನು ಕಚ್ಚಿ ಹಿಡಿಯುವ ಸಾಧನದಲ್ಲಿ) ಬಿಗಿಯಿರಿ. ವೈಸ್ ಇಲ್ಲದಿದ್ದರೆ ಮೇಜಿಗೆ ಕ್ಲಾಂಪ್ ಹಾಕಿ. ಕತ್ತರಿಸುವ ಜಾಗ ವೈಸಿನ ಬಾಯಿಗೆ ಹತ್ತಿರದಲ್ಲಿರಲಿ. ಬಿದ್ದುಹೋಗುವ ತುಂಡು ಹೊರಗೆ ತೂಗುತ್ತಿರಲಿ, ಆಗ ಅದು ತನ್ನ ಭಾರಕ್ಕೆ ಕೆಳಗೆ ಜಗ್ಗಿ ಸೀಳನ್ನು ತೆರೆಯುತ್ತದೆಯೇ ಹೊರತು ಮುಚ್ಚುವುದಿಲ್ಲ. ವಸ್ತು ಬಿಗಿಯಾಗಿ ಕೂತ ಮೇಲೆ ಉಪಕರಣವನ್ನು ಎರಡೂ ಕೈಗಳಿಂದ ಹಿಡಿಯಲು ಸಾಧ್ಯವಾಗುತ್ತದೆ, ಮಣಿಕಟ್ಟುಗಳನ್ನು ಮೇಜಿಗೆ ಅಥವಾ ವೈಸಿಗೆ ಊರಬಹುದು. ನನ್ನ ದೃಷ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸುರಕ್ಷತೆ ಈ ಒಂದು ಕೆಲಸದಲ್ಲೇ ಇದೆ. ಕನ್ನಡಕ, ಮಾಸ್ಕ್, ಎಲ್ಲವೂ ಆಮೇಲಿನವು.

ಮುಂದಿನದು ಬಿಟ್ ಕೂರಿಸುವ ವಿಧಾನ. ಪ್ಲಗ್ ತೆಗೆಯಿರಿ, ಬ್ಯಾಟರಿಯದಾದರೆ ಬ್ಯಾಟರಿಯನ್ನು ಬಿಚ್ಚಿರಿ, ಆಮೇಲೆ ಬಿಟ್ ಬದಲಿಸಿ. ಬಿಟ್ಟಿನ ದಂಟಿನ ಅಳತೆಗೆ ಸರಿಯಾದ ಕೊಲೆಟ್ (ದಂಟನ್ನು ಸುತ್ತಲಿಂದ ಕಚ್ಚಿ ಹಿಡಿಯುವ ಸೀಳುಬಿಟ್ಟ ಲೋಹದ ಕೊಳವೆ) ಇರಲೇಬೇಕು. ಸಾಮಾನ್ಯ ದಂಟು 3.2 ಮಿ.ಮೀ.; ದಂತವೈದ್ಯರು ಬಳಸುವ ಬಗೆಯ ಬರ್‌ಗಳದ್ದು (ಕೊರೆಯುವ ಸಣ್ಣ ಬಿಟ್ಟುಗಳದ್ದು) 2.35 ಮಿ.ಮೀ. ಅದನ್ನು 3.2ರ ಕೊಲೆಟ್ಟಿನಲ್ಲಿ ಬಿಗಿದರೆ ಹಿಡಿದಂತೆ ತೋರುತ್ತದೆ, ಆದರೆ ನಡುವಿನಲ್ಲಿ ಕೂರುವುದಿಲ್ಲ. ದಂಟು ಆದಷ್ಟು ಒಳಗಿರಲಿ. ಉದ್ದನೆಯ ತೆಳು ದಂಟು ಹೊರಗೆ ಚಾಚಿಕೊಂಡಿದ್ದರೆ ಹೆಚ್ಚಿನ ವೇಗದಲ್ಲಿ ಅದು ಚಾಟಿಯಂತೆ ಬಾಗಿ, ಒಂದು ಕ್ಷಣದಲ್ಲಿ ಅಡ್ಡಕ್ಕೆ ಮಡಚಿಕೊಳ್ಳುತ್ತದೆ. ಬಿಟ್ ಬದಲಿಸುವಾಗ ತಿರುಗುವ ದಂಡವನ್ನು ಅಲುಗದಂತೆ ಹಿಡಿಯುವ ಶಾಫ್ಟ್ ಲಾಕ್ ಗುಂಡಿಯನ್ನು ಉಪಕರಣ ಪೂರ್ತಿ ನಿಂತ ಮೇಲೆ ಮಾತ್ರ ಒತ್ತಬೇಕು. ಸ್ವಿಚ್ ಆರಿಸಿದ ಮೇಲೂ ಅದು ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ.

ಹೊಸ ಡಿಸ್ಕ್ ಹಾಕಿದಾಗಲೆಲ್ಲ ಕಡಿಮೆ ವೇಗದಲ್ಲಿ ಶುರು ಮಾಡಿ, ಮುಖದಿಂದ ದೂರ ಹಿಡಿದು, ಏನನ್ನೂ ಮುಟ್ಟಿಸದೆ ಒಂದು ನಿಮಿಷ ಓಡಿಸಿ. ಬಿರುಕು ಬಿಟ್ಟ ಡಿಸ್ಕ್ ಸಾಮಾನ್ಯವಾಗಿ ಆ ಒಂದು ನಿಮಿಷದಲ್ಲೇ ತನ್ನ ಬಣ್ಣ ತೋರಿಸುತ್ತದೆ. ಇನ್ನೊಂದು ವಿಷಯ: ಡಿಸ್ಕ್ ತಿರುಗುವ ಸಮತಲದಲ್ಲಿ ನಿಮ್ಮ ಮುಖವಾಗಲಿ ಬೇರೆಯವರಾಗಲಿ ಇರಬಾರದು. ಚೂರುಗಳು ಡಿಸ್ಕಿನ ಬದಿಗಿಂತ ಅಂಚಿನ ನೇರಕ್ಕೇ ಹಾರುತ್ತವೆ. ಗೆರೆಯನ್ನು ನೇರವಾಗಿ ನೋಡುವ ಆಸೆಗೆ ನಾವು ತಲೆಯನ್ನು ಸರಿಯಾಗಿ ಆ ಸಮತಲಕ್ಕೇ ತಂದು ನಿಲ್ಲಿಸುತ್ತೇವೆ. ನಿಮಗೂ ಹಾಗೆಯೇ ಆಗಿರಬೇಕು.

ಉತ್ತರ 2

ನಾನು ಮರ ಮತ್ತು ಚಿಪ್ಪಿನ ಮೇಲೆ ಕೆತ್ತನೆ ಮಾಡುತ್ತೇನೆ. ದಿನಕ್ಕೆ ಮೂರು ನಾಲ್ಕು ಗಂಟೆ ಈ ಉಪಕರಣ ಕೈಯಲ್ಲಿರುತ್ತದೆ. ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಕೈಗವಸಿನ ಪ್ರಶ್ನೆಗೆ ಮತ್ತು ಧೂಳಿನ ವಿಷಯಕ್ಕೆ ನಾನು ಉತ್ತರಿಸುತ್ತೇನೆ.

ಕೈಗವಸಿನ ಬಗ್ಗೆ ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ, ಆದರೆ ಎರಡು ಬೇರೆ ಬೇರೆ ಉಪಕರಣಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಆಂಗಲ್ ಗ್ರೈಂಡರಿನಲ್ಲಿ ಕೈಗಳೆರಡೂ ಡಿಸ್ಕಿನಿಂದ ದೂರದ ಹಿಡಿಗಳ ಮೇಲಿರುತ್ತವೆ, ಕಿಡಿಗಳು ಧಾರಾಳವಾಗಿ ಬೀಳುತ್ತವೆ. ಅಲ್ಲಿ ಕೈಗೆ ಸರಿಯಾಗಿ ಕೂರುವ ಚರ್ಮದ ಕೈಗವಸು ಬೇಕು. ಪೆನ್ನಿನಂತೆ ಹಿಡಿಯುವ ರೋಟರಿ ಟೂಲಿನಲ್ಲಿ ಬೆರಳ ತುದಿಗೂ ತಿರುಗುವ ಬಿಟ್ಟಿಗೂ ಎರಡು ಅಂಗುಲದ ಅಂತರವೂ ಇರುವುದಿಲ್ಲ. ಅಲ್ಲಿ ಹೆಣೆದ ನೂಲಿನ ಕೈಗವಸು ಹಾಕಿದರೆ ಒಂದೇ ಒಂದು ಎಳೆ ಬಿಟ್ಟಿಗೆ ಸಿಕ್ಕಿದರೂ ಅದು ಕೈಗವಸನ್ನೂ ಬೆರಳನ್ನೂ ಒಟ್ಟಿಗೆ ಸುತ್ತಿಕೊಳ್ಳುತ್ತದೆ. ಬರಿಗೈಯಾದರೆ ಬಿಟ್ ತಗುಲಿ ಗೀರಾಗುತ್ತದೆ, ಕೈ ಹಿಂದಕ್ಕೆ ಬರುತ್ತದೆ. ನಾನು ಬರಿಗೈಯಲ್ಲೇ ಕೆಲಸ ಮಾಡುತ್ತೇನೆ. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಬಳೆ, ಉಂಗುರ, ಕೊರಳಿನ ಸರ ಎಲ್ಲವನ್ನೂ ತೆಗೆದಿಟ್ಟು, ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿಕೊಳ್ಳುತ್ತೇನೆ. ಒಮ್ಮೆ ನನ್ನ ಏಪ್ರನ್ನಿನ ದಾರ ಸ್ಯಾಂಡಿಂಗ್ ಡ್ರಮ್ಮಿಗೆ ಸಿಕ್ಕಿ, ನಾನು ಕಣ್ಣು ಮಿಟುಕಿಸುವುದರೊಳಗೆ ಉಪಕರಣ ದಾರವನ್ನು ಹಿಡಿದು ಹೊಟ್ಟೆಯವರೆಗೆ ಹತ್ತಿ ಬಂದಿತ್ತು. ಅದು ಮರಳು ಕಾಗದದ ಡ್ರಮ್ ಆಗಿದ್ದರಿಂದ ಚರ್ಮ ಮಾತ್ರ ಸವೆಯಿತು. ಅಂದಿನಿಂದ ಏಪ್ರನ್ನಿನ ಗಂಟನ್ನು ಬೆನ್ನ ಹಿಂದೆ ಹಾಕುತ್ತೇನೆ.

ಮರದಲ್ಲಿ ಗಾಯವಾಗುವುದು ಹೆಚ್ಚಾಗಿ ಬಿಟ್ ಜಾರಿ ಓಡುವುದರಿಂದ. ಇದಕ್ಕೆ ಕೈ ಸರಿಸುವ ದಿಕ್ಕು ಕಾರಣ. ಬಿಟ್ಟಿನ ಹಲ್ಲು ಮರವನ್ನು ಮುಟ್ಟುವ ಜಾಗದಲ್ಲಿ ಯಾವ ಕಡೆಗೆ ಓಡುತ್ತಿದೆಯೋ, ಮರದ ಪುಡಿ ಯಾವ ಕಡೆಗೆ ಹಾರುತ್ತಿದೆಯೋ, ಕೈಯನ್ನೂ ಆ ಕಡೆಗೇ ಸರಿಸಬೇಕು. ಹಾಗೆ ಮಾಡಿದಾಗ ಉಪಕರಣ ಕೈಗೆ ಎದುರಾಗಿ ತಳ್ಳುತ್ತದೆ, ಹಿಡಿತ ನಿಮ್ಮದಾಗಿರುತ್ತದೆ. ವಿರುದ್ಧ ದಿಕ್ಕಿಗೆ ಸರಿಸಿದರೆ ಹಲ್ಲುಗಳು ಚಕ್ರದಂತೆ ಮರದ ಮೇಲೆ ಹತ್ತಿ ಉರುಳುತ್ತವೆ, ಮರ ಹಿಡಿದಿರುವ ಎಡಗೈ ಎಲ್ಲಿದೆಯೋ ಅಲ್ಲಿಗೇ ಬಿಟ್ ಓಡುತ್ತದೆ. ಬೇಡವಾದ ಮರದ ತುಂಡನ್ನು ಕ್ಲಾಂಪಿನಲ್ಲಿ ಬಿಗಿದು, ಕಡಿಮೆ ವೇಗದಲ್ಲಿ ಎರಡೂ ದಿಕ್ಕಿಗೆ ಒಮ್ಮೊಮ್ಮೆ ಎಳೆದು ನೋಡಿ. ಎಷ್ಟು ಓದಿದರೂ ತಿಳಿಯದ್ದು ಹತ್ತು ಸೆಕೆಂಡಿನಲ್ಲಿ ಕೈಗೆ ತಿಳಿಯುತ್ತದೆ.

ಧೂಳಿನ ವಿಷಯವನ್ನು ನೀವು ಕೇಳಲೇ ಇಲ್ಲ, ಆದರೆ ನನಗೆ ಅದೇ ದೊಡ್ಡದು. ಗಾಯ ಕಣ್ಣಿಗೆ ಕಾಣುತ್ತದೆ, ಧೂಳು ಕಾಣುವುದಿಲ್ಲ. ವೇಗವಾಗಿ ತಿರುಗುವ ಬರ್ ಮರವನ್ನು ಹೊಟ್ಟಾಗಿ ಅಲ್ಲ, ಹಿಟ್ಟಿಗಿಂತ ನುಣುಪಾದ ಪುಡಿಯಾಗಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನೂ ಕಲ್ಲು, ಟೈಲ್ಸ್, ಕಾಂಕ್ರೀಟಿನಲ್ಲಿರುವ ಸ್ಫಟಿಕ ಸಿಲಿಕಾದ ಧೂಳನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳೆಂದು ಮೊದಲನೆಯ ವರ್ಗದಲ್ಲಿ ಸೇರಿಸಿದೆ. ಸಿಲಿಕಾ ಶ್ವಾಸಕೋಶವನ್ನು ಗಟ್ಟಿಗೊಳಿಸುವ ಸಿಲಿಕೋಸಿಸ್ ಕಾಯಿಲೆಗೂ ಕಾರಣ, ಮತ್ತು ಆದ ಹಾನಿ ಮತ್ತೆ ಸರಿಹೋಗುವುದಿಲ್ಲ. ಬಟ್ಟೆಯ ಕರವಸ್ತ್ರ ಇದಕ್ಕೆ ಸಾಲದು. ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಬೇಕು, ಅದು ಮೂಗಿನ ಪಕ್ಕದಲ್ಲಿ ಸಂದು ಬಿಡದೆ ಕೂರಬೇಕು, ಗಡ್ಡವಿದ್ದರೆ ಕೂರುವುದಿಲ್ಲ. ಚಿಪ್ಪು ಮತ್ತು ಕಲ್ಲನ್ನು ನಾನು ಒದ್ದೆ ಮಾಡಿಕೊಂಡೇ ಕೆಲಸ ಮಾಡುತ್ತೇನೆ, ಆದರೆ ಆಗ ಮೋಟಾರ್ ಮೇಲೆ ಕೊಕ್ಕೆಗೆ ತೂಗುಹಾಕಿದ್ದು, ಬಗ್ಗುವ ಶಾಫ್ಟ್ ಮಾತ್ರ ಕೈಯಲ್ಲಿರುತ್ತದೆ. ಮೋಟಾರೇ ಕೈಯಲ್ಲಿರುವ ಉಪಕರಣದ ಹತ್ತಿರ ನೀರು ತರಬೇಡಿ. ಕೆಲಸ ಮುಗಿದ ಮೇಲೆ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಗುಡಿಸಿದರೆ ಕೆಳಗೆ ಕೂತ ಪುಡಿಯೆಲ್ಲ ಮತ್ತೆ ಮೂಗಿನ ಮಟ್ಟಕ್ಕೆ ಏಳುತ್ತದೆ.

ಉತ್ತರ 3

ಕಣ್ಣಿನ ಬಗ್ಗೆ ನಾನು ಬರೆಯಲೇಬೇಕು, ಏಕೆಂದರೆ ನಿಮ್ಮಂತೆ ನಾನು ಪಾರಾಗಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಕಬ್ಬಿಣದ ಚೌಕಟ್ಟಿನ ಕೆಳಭಾಗವನ್ನು ತಲೆ ಎತ್ತಿಕೊಂಡು ಉಜ್ಜುತ್ತಿದ್ದೆ. ನಂಬರಿನ ಕನ್ನಡಕ ಹಾಕಿದ್ದೆ, ಅದೇ ಸಾಕೆಂದು ತಿಳಿದಿದ್ದೆ. ಕೆಲಸ ಮಾಡುವಾಗ ಏನೂ ತಿಳಿಯಲಿಲ್ಲ. ರಾತ್ರಿ ಮಲಗಿದಾಗ ಬಲಗಣ್ಣಿನಲ್ಲಿ ಮರಳು ಸಿಕ್ಕಿದಂತೆ ಅನ್ನಿಸಿತು. ಉಜ್ಜಿದೆ, ನೀರಿನಲ್ಲಿ ತೊಳೆದೆ. ಬೆಳಿಗ್ಗೆ ಬೆಳಕನ್ನು ನೋಡಲು ಆಗಲಿಲ್ಲ. ಕಣ್ಣಿನ ವೈದ್ಯರು ಮರಗಟ್ಟಿಸುವ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಸೂಜಿಯ ತುದಿಯಿಂದ ಕಬ್ಬಿಣದ ಕಣವನ್ನು ತೆಗೆದರು. ಅಷ್ಟರಲ್ಲಿ ಕಣದ ಸುತ್ತ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ) ಮೇಲೆ ತುಕ್ಕಿನ ಉಂಗುರ ಕಟ್ಟಿಕೊಂಡಿತ್ತು. ಅದನ್ನು ತೆಗೆಯಲು ಅವರು ಕೈಗೆತ್ತಿಕೊಂಡದ್ದು ಬ್ಯಾಟರಿಯಿಂದ ತಿರುಗುವ ಚಿಕ್ಕ ಬರ್. ತಲೆಯನ್ನು ಆಸರೆಗೆ ಒತ್ತಿ, ಉಸಿರು ಹಿಡಿದು, ಆ ಸಣ್ಣ ಗುಯ್‌ಗುಡುವ ಸದ್ದು ಕಣ್ಣಿನ ಎದುರಿಗೇ ಬರುವುದನ್ನು ನಾನು ನೋಡುತ್ತ ಕೂತಿದ್ದೆ. ಆ ಗುರುತು ಇನ್ನೂ ಇದೆ. ರಾತ್ರಿ ಎದುರಿನ ವಾಹನದ ದೀಪ ನೋಡಿದರೆ ಬೆಳಕು ಚದುರಿದಂತೆ ಕಾಣುತ್ತದೆ.

ನಂಬರಿನ ಅಥವಾ ಓದುವ ಕನ್ನಡಕಕ್ಕೆ ಪಕ್ಕದ ರಕ್ಷಣೆ ಇಲ್ಲ, ಕೆನ್ನೆ ಮತ್ತು ಹುಬ್ಬಿನ ಕಡೆ ಬೆರಳು ತೂರುವಷ್ಟು ಸಂದು ಇರುತ್ತದೆ. ಸುರಕ್ಷತಾ ಕನ್ನಡಕ ಕೊಳ್ಳುವಾಗ ಅದರ ಮೇಲಿನ ಗುರುತನ್ನು ನೋಡಿ. ಯುರೋಪಿನ ಹಳೆಯ ಇಎನ್ 166 ಮಾನದಂಡದಲ್ಲಿ 6 ಮಿ.ಮೀ. ಉಕ್ಕಿನ ಗುಂಡನ್ನು ಹೊಡೆದು ಪರೀಕ್ಷಿಸುತ್ತಿದ್ದರು: ‘ಎಫ್’ ಗುರುತಿದ್ದರೆ ಸೆಕೆಂಡಿಗೆ 45 ಮೀಟರ್, ‘ಬಿ’ ಇದ್ದರೆ 120 ಮೀಟರ್, ‘ಎ’ ಇದ್ದರೆ 190 ಮೀಟರ್ ವೇಗದ ಪೆಟ್ಟನ್ನು ತಾಳಬೇಕಿತ್ತು. ಮಾಮೂಲಿ ಸುರಕ್ಷತಾ ಕನ್ನಡಕಕ್ಕೆ ಸಿಗುತ್ತಿದ್ದುದು ‘ಎಫ್’ ಮಾತ್ರ. ಮೊದಲ ಉತ್ತರದಲ್ಲಿ ಹೇಳಿರುವ 50 ಮೀಟರ್ ವೇಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಡಿಸ್ಕಿನ ಚೂರು ಆ ಗುಂಡಿಗಿಂತ ಹಗುರವಾಗಿರಬಹುದು, ಆದರೂ ಡಿಸ್ಕಿನಿಂದ ಕತ್ತರಿಸುವಾಗ ಕನ್ನಡಕದ ಮೇಲೆ ಮುಖವನ್ನು ಪೂರ್ತಿ ಮುಚ್ಚುವ ಫೇಸ್ ಶೀಲ್ಡ್ ಹಾಕಿಕೊಳ್ಳದೆ ನಾನೀಗ ಸ್ವಿಚ್ ಮುಟ್ಟುವುದಿಲ್ಲ. ಶೀಲ್ಡ್ ಒಂದೇ ಸಾಲದು, ಅದರ ಕೆಳಗಿನಿಂದ ಕಣಗಳು ನುಸುಳುತ್ತವೆ; ಎರಡೂ ಬೇಕು.

ಕೆಲಸ ಮುಗಿದ ತಕ್ಷಣ ಕನ್ನಡಕವನ್ನು ಎಳೆದು ತೆಗೆಯಬೇಡಿ. ಹುಬ್ಬಿನ ಮೇಲೂ ಕೂದಲಿನಲ್ಲೂ ಕೂತ ಪುಡಿ ಕಣ್ಣಿಗೆ ಬೀಳುವುದು ಆಗಲೇ. ತಲೆಯನ್ನು ಮುಂದಕ್ಕೆ ಬಗ್ಗಿಸಿ, ಕಣ್ಣು ಮುಚ್ಚಿ, ಹುಬ್ಬನ್ನು ಒರೆಸಿ, ಆಮೇಲೆ ತೆಗೆಯಿರಿ. ಕಣ್ಣಿಗೆ ಏನಾದರೂ ಬಿದ್ದರೆ ಉಜ್ಜಬೇಡಿ. ತೊಳೆದ ಮೇಲೂ ಚುಚ್ಚುತ್ತಿದ್ದರೆ ಅದೇ ದಿನ ವೈದ್ಯರ ಬಳಿಗೆ ಹೋಗಿ. ಏನೋ ವೇಗವಾಗಿ ಬಂದು ಬಡಿಯಿತು ಎನಿಸಿದ್ದರೆ ನೋವಿಲ್ಲದಿದ್ದರೂ ತೋರಿಸಿ, ಕಣ ಕಣ್ಣಿನ ಒಳಗೇ ಹೊಕ್ಕಿರಬಹುದು. ಮುಂದೆ ಎಂದಾದರೂ ಎಂಆರ್‌ಐ ಸ್ಕ್ಯಾನ್ ಮಾಡಿಸಬೇಕಾಗಿ ಬಂದರೆ ಲೋಹ ಉಜ್ಜುವ ಕೆಲಸ ಮಾಡಿದ್ದೀರಿ ಎಂದು ಮೊದಲೇ ತಿಳಿಸಿ; ಕಣ್ಣಿನಲ್ಲಿ ಕಬ್ಬಿಣದ ಕಣ ಉಳಿದಿದ್ದರೆ ಆ ಯಂತ್ರದ ಕಾಂತಕ್ಷೇತ್ರ ಅದನ್ನು ಕದಲಿಸಬಲ್ಲದು.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ಉಳಿದ ಡಿಸ್ಕುಗಳನ್ನು ತೆಗೆದು ನೋಡಿದೆ. ಎಲ್ಲವೂ ಜಾಲರಿ ಇಲ್ಲದ ತೆಳು ಡಿಸ್ಕುಗಳೇ. ಅವುಗಳಲ್ಲಿ ಎರಡರ ಅಂಚಿನಲ್ಲಿ ಕೂದಲಿನಷ್ಟು ತೆಳುವಾದ ಬಿರುಕು ಕಂಡಿತು. ಅವೆಲ್ಲ ಡಬ್ಬಿಯ ತಳದಲ್ಲಿ ಸ್ಪ್ಯಾನರ್ ಮತ್ತು ಭಾರದ ಬಿಟ್‌ಗಳ ಕೆಳಗೆ ಬಿದ್ದಿದ್ದವು. ಮ್ಯಾಂಡ್ರೆಲ್ಲನ್ನು ಗಾಜಿನ ಮೇಲೆ ಉರುಳಿಸಿ ನೋಡಿದರೆ ಸ್ವಲ್ಪ ಬಾಗಿದೆ. ಮೂರನ್ನೂ ಎಸೆದಿದ್ದೇನೆ. ಮೇಜಿಗೆ ವೈಸ್ ಕೂರಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ತುಕ್ಕು ತೆಗೆಯಲು ತಂತಿಯ ಬ್ರಷ್ಷನ್ನು ಇದರಲ್ಲೇ ಬಳಸಬಹುದೇ? ಅಲ್ಯೂಮಿನಿಯಂ ಉಜ್ಜಿದಾಗ ಉಪಕರಣಕ್ಕೆ ಹಾಕುವ ಉಜ್ಜುವ ಕಲ್ಲಿಗೆ ಲೋಹ ಮೆತ್ತಿಕೊಳ್ಳುತ್ತದೆ, ಅದರಿಂದ ಅಪಾಯವಿದೆಯೇ?

ಉತ್ತರ 1 ಬರೆದವರು

ಬ್ರಷ್ ಬಳಸಬಹುದು, ಆದರೆ 30,000ದಲ್ಲಿ ಅಲ್ಲ. ಈ ಉಪಕರಣಗಳಿಗೆ ಬರುವ ತಂತಿಯ ಬ್ರಷ್ಷುಗಳ ಮಿತಿ ಸಾಮಾನ್ಯವಾಗಿ 15,000 ಆರ್‌ಪಿಎಂ. ಅದನ್ನು ಮೀರಿದರೆ ತಂತಿಗಳು ಒಂದೊಂದಾಗಿ ಕಿತ್ತು ಸೂಜಿಯಂತೆ ಹಾರುತ್ತವೆ, ಅಂಗಿಯನ್ನು ದಾಟಿ ಚರ್ಮಕ್ಕೆ ಚುಚ್ಚಿಕೊಳ್ಳುತ್ತವೆ. ಹೊಸ ಬ್ರಷ್ಷನ್ನೂ ಒಂದು ನಿಮಿಷ ಖಾಲಿ ಓಡಿಸಿ, ಸಡಿಲವಾದ ತಂತಿಗಳು ಆಗಲೇ ಉದುರಿಹೋಗಲಿ. ತಂತಿಯ ತುದಿ ಮಾತ್ರ ತುಕ್ಕನ್ನು ಮುಟ್ಟಬೇಕು. ಒತ್ತಿದರೆ ತಂತಿ ಬಾಗಿ ಮುರಿಯುತ್ತದೆ, ತುಕ್ಕು ಹಾಗೆಯೇ ಉಳಿಯುತ್ತದೆ.

ಅಲ್ಯೂಮಿನಿಯಂ ವಿಷಯದಲ್ಲಿ ನಿಮ್ಮ ಸಂದೇಹ ಸರಿಯಾಗಿದೆ. ಮೆತ್ತನೆಯ ಲೋಹ ಕಲ್ಲಿನ ರಂಧ್ರಗಳಲ್ಲಿ ತುಂಬಿಕೊಂಡರೆ ಕಲ್ಲು ಕೊರೆಯುವುದನ್ನು ನಿಲ್ಲಿಸಿ ಬರೀ ತಿಕ್ಕುತ್ತದೆ, ಕಾಯುತ್ತದೆ, ಕೊನೆಗೆ ಒಡೆಯುತ್ತದೆ. ಅದಕ್ಕೆ ಕಲ್ಲನ್ನು ಬಿಟ್ಟು ಕಾರ್ಬೈಡ್ ಬರ್ ಅಥವಾ ಮರಳು ಕಾಗದದ ಡ್ರಮ್ ಬಳಸಿ. ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ತುಕ್ಕಿನ ಪುಡಿ ಒಟ್ಟಿಗೆ ಸೇರಿದರೆ ಕಿಡಿಗೆ ಭೀಕರವಾಗಿ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಒಂದು ಲೋಹದ ಕೆಲಸ ಮುಗಿಸಿ ಮೇಜನ್ನು ಒರೆಸಿದ ಮೇಲೆಯೇ ಇನ್ನೊಂದನ್ನು ಶುರು ಮಾಡಿ. ಉಕ್ಕು ಕತ್ತರಿಸುವಾಗ ಮರದ ಹೊಟ್ಟು, ಥಿನ್ನರ್ ಸೋಕಿದ ಬಟ್ಟೆ ಯಾವುದೂ ಹತ್ತಿರ ಇರಬಾರದು. ಮೈಮೇಲೆ ಹತ್ತಿಯ ಬಟ್ಟೆ ಇರಲಿ, ನೈಲಾನ್ ಮತ್ತು ಪಾಲಿಯೆಸ್ಟರ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ.

ನೀವು ಮುಂದೊಂದು ದಿನ ಆಂಗಲ್ ಗ್ರೈಂಡರ್ ಕೊಳ್ಳುವುದಾದರೆ ಈಗಲೇ ಒಂದು ಮಾತು ಹೇಳಿಬಿಡುತ್ತೇನೆ. 125 ಮಿ.ಮೀ. ಡಿಸ್ಕಿನ ಮಿತಿ ಸಾಮಾನ್ಯವಾಗಿ 12,250 ಆರ್‌ಪಿಎಂ, 180ರದ್ದು ಸುಮಾರು 8,500. ಎರಡರಲ್ಲೂ ಅಂಚಿನ ವೇಗ ಸೆಕೆಂಡಿಗೆ 80 ಮೀಟರ್ ಆಗುವಂತೆ ಲೆಕ್ಕ ಹಾಕಿ ಕೊಟ್ಟ ಮಿತಿ ಇದು. ಗಾರ್ಡ್ (ಡಿಸ್ಕನ್ನು ಮರೆಮಾಡುವ ರಕ್ಷಾಕವಚ) ಬಿಚ್ಚಿ ಚಿಕ್ಕ ಗ್ರೈಂಡರಿಗೆ ದೊಡ್ಡ ಡಿಸ್ಕ್ ಹಾಕುವವರನ್ನು ನಾನು ಕಂಡಿದ್ದೇನೆ. 11,000ದಲ್ಲಿ ಓಡುವ ಗ್ರೈಂಡರಿಗೆ 180ರ ಡಿಸ್ಕ್ ಹಾಕಿದರೆ ಅದನ್ನು ಹರಿಯುವ ಬಲ ಮಿತಿಯ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ತಡೆಯಬೇಕಾದ ಗಾರ್ಡೂ ಇರುವುದಿಲ್ಲ. ಆ ಡಿಸ್ಕುಗಳ ನಡುವಿನ ಲೋಹದ ಉಂಗುರದ ಮೇಲೆ ಬಳಕೆಯ ಕೊನೆಯ ದಿನಾಂಕ ಒತ್ತಿರುತ್ತದೆ. ತಯಾರಾದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷ. ಅದನ್ನೂ ಓದುವ ಅಭ್ಯಾಸವಿರಲಿ.

ಹೊಸ ಡಿಸ್ಕುಗಳನ್ನು ಡಬ್ಬಿಯ ತಳಕ್ಕೆ ಹಾಕದೆ, ಒಂದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮಟ್ಟಸವಾಗಿ ಮಲಗಿಸಿ, ತೇವ ತಾಗದ ಕಡೆ ಇಡಿ. ನೆಲಕ್ಕೆ ಬಿದ್ದ ಡಿಸ್ಕ್ ಬಿರುಕು ಕಾಣದಿದ್ದರೂ ಮತ್ತೆ ಉಪಕರಣಕ್ಕೆ ಬರಬಾರದು. ಮೊದಲ ಸಲ ವೈಸಿನಲ್ಲಿ ಬಿಗಿದು ಕತ್ತರಿಸಿದ ಮೇಲೆ ಹೇಗಾಯಿತು ಎಂದು ಇಲ್ಲಿ ಬರೆಯಿರಿ. ಸೀಳಿನ ಒಂದು ಚಿತ್ರ ಹಾಕಿದರೆ ಡಿಸ್ಕ್ ನೇರವಾಗಿ ಇಳಿದಿದೆಯೋ ವಾಲಿದೆಯೋ ನೋಡಿ ಹೇಳುತ್ತೇನೆ.